ಬಾಡಿಗೆ ಕರಾರಿಗೆ ಗೋಣು ಹಾಕಿದ ಕೂಸು

ಬಹಳ ಹಿಂದೆ, ಅಂದರೆ ಮನೆಯನ್ನು ಮೊದಲು ಉದ್ಘಾಟಿಸಿ ಆಮೇಲೆ ಕಟ್ಟುವ ಪದ್ಧತಿ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಶುಭಾರಂಭಪುರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ರಾಜಾಧಿರಾಜ ಉದ್ಘಾಟನವರ್ಮ ಪ್ರಭುಗಳು. ಪ್ರಭುಗಳು ಯುದ್ಧ ಮಾಡಿದವರಲ್ಲ, ಬೇಟೆಯಾಡಿದವರಲ್ಲ, ಕತ್ತರಿ ಹಿಡಿದವರು. ಎಲ್ಲಿ ಟೇಪು ಕಂಡರೂ ಕತ್ತರಿಸಿಬಿಡುತ್ತಿದ್ದರು. ಒಮ್ಮೆ ಅರಮನೆಯ ದರ್ಜಿ ಅಳತೆ ತೆಗೆಯಲು ಬಂದಾಗ ಅವನ ಟೇಪನ್ನೂ ಕತ್ತರಿಸಿ, ಆಸ್ಥಾನಿಕರಿಂದ ಚಪ್ಪಾಳೆ ಗಿಟ್ಟಿಸಿ, ಹೊಲಿಗೆಯ ಕುರಿತು ಚಿಕ್ಕ ಭಾಷಣವನ್ನೂ ಮಾಡಿದ್ದರು.

ಇಂಥ ಪ್ರಭುಗಳಿಗೆ ಒಂದು ದಿನ ಬಡವರ ಮೇಲೆ ಕರುಣೆ ಉಕ್ಕಿತು. ನಗರದ ಅಂಚಿನಲ್ಲಿ ‘ಶ್ರೀ ಉದ್ಘಾಟನವರ್ಮಾಶ್ರಯ ಸಾಮಾಜಿಕ ವಸತಿ ಸಮುಚ್ಚಯ’ ಎಂಬ ಹೆಸರಿನಲ್ಲಿ ಸಾಲುಸಾಲು ಮನೆಗಳೆದ್ದವು. ಹೆಸರು ಮನೆಗಿಂತ ಉದ್ದವಾದ್ದರಿಂದ ಫಲಕವನ್ನು ಪಕ್ಕದ ಮನೆಯ ಗೋಡೆಯವರೆಗೂ ಎಳೆಯಬೇಕಾಯಿತು. ಪ್ರಭುಗಳು ಅಡಿಪಾಯವನ್ನು ಉದ್ಘಾಟಿಸಿದರು, ಗೋಡೆಗಳನ್ನು ಉದ್ಘಾಟಿಸಿದರು, ಕಿಟಕಿಗಳನ್ನು ಒಳಗಿನಿಂದ ಒಮ್ಮೆ ಹೊರಗಿನಿಂದ ಒಮ್ಮೆ ಉದ್ಘಾಟಿಸಿದರು. ಬಡವರಿಗೆ ಅಲ್ಪ ಬಾಡಿಗೆಗೆ ಮನೆ ಸಿಗುತ್ತದೆಂದು ಡಂಗುರ ಹೊಡೆಸಿದರು. ಬಾಡಿಗೆಯೇನೋ ಅಲ್ಪವೇ, ಕರಾರು ಮಾತ್ರ ಘನವಾದದ್ದು.

ಮೊದಲು ಮನೆ ಪಡೆದವನು ಬಾಳಪ್ಪ ಎಂಬ ಹೈನುಗಾರ. ಅವನು ಕರಾರಿಗೆ ಹೆಬ್ಬೆಟ್ಟು ಒತ್ತಿ, ಕೀಲಿ ಇಸಿದುಕೊಂಡು, ಎಮ್ಮೆಯನ್ನು ಪಡಸಾಲೆಯಲ್ಲಿ ಕಟ್ಟಿ, ತಾನು ಹೊರಗೆ ಕಟ್ಟೆಯ ಮೇಲೆ ಮಲಗಿದ. ಅಧಿಕಾರಿಗಳು ಹಿಡಿದು ತಂದು ಪ್ರಭುಗಳ ಮುಂದೆ ನಿಲ್ಲಿಸಿದರು.

“ಕರಾರಿನ್ಯಾಗ ಎಮ್ಮಿ ಸುದ್ದಿ ಇತ್ತೇನ್ರೀ ಒಡೆಯಾ? ನನಗ ತಿಳಿಲಿಲ್ರಿ. ಮನಿ ಚಲೋ ಐತಿ, ಅದಕ ಎಮ್ಮಿಗೆ ಕೊಟ್ಟೆ,” ಎಂದ ಬಾಳಪ್ಪ.

ಪ್ರಭುಗಳ ಕಣ್ಣುಗಳು ತುಂಬಿ ಬಂದವು. ತಮ್ಮ ಪ್ರಜೆಯೊಬ್ಬ ಅರ್ಥವಾಗದ ಮನೆಯ ಎದುರು ಮಲಗಿದ್ದನೆಂಬುದನ್ನು ಅವರಿಂದ ಸಹಿಸಲಾಗಲಿಲ್ಲ. ವಸತಿ ಸಚಿವ ಪ್ರಸ್ತಾವನಾಚಾರ್ಯರು ಕೂಡಲೆ ಎದ್ದು ಕೈಮುಗಿದರು.

“ಪ್ರಭೂ, ಇದು ಕರಾರಿನ ದೋಷವಲ್ಲ. ಕರಾರನ್ನು ತಮ್ಮ ಆಸ್ಥಾನದ ಹದಿನಾರು ವಿದ್ವಾಂಸರು ಬರೆದಿದ್ದಾರೆ, ಅವರಿಗೂ ಅದು ಪೂರ್ತಿ ಅರ್ಥವಾಗಿಲ್ಲವೆಂದರೆ ಅದರ ಆಳ ಎಂಥದಿರಬೇಕು. ದೋಷ ಇರುವುದು ಪ್ರಜೆಯ ಗ್ರಹಣಶಕ್ತಿಯಲ್ಲಿ.”

“ಹಾಗಾದರೆ ಇಂದಿನಿಂದ ಈ ರಾಜ್ಯದಲ್ಲಿ ಕರಾರು ಅರ್ಥವಾಗದ ಮನೆಯಲ್ಲಿ ಯಾವನೂ ವಾಸಿಸಕೂಡದು,” ಎಂದರು ಪ್ರಭುಗಳು.

ಕರಾರನ್ನು ಸರಳವಾಗಿ ಬರೆದರೆ ಹೇಗೆ ಎಂದು ಕಿರಿಯ ಗುಮಾಸ್ತನೊಬ್ಬ ಕೇಳಿದ. ಅವನನ್ನು ಕೌಶಲ್ಯಾಭಿವೃದ್ಧಿ ತರಬೇತಿಗೆ ಕಳಿಸಲಾಯಿತು. ಇನ್ನೂ ಅಲ್ಲೇ ಇದ್ದಾನಂತೆ. ಬಡವರಿಗೆ ಗದ್ಯದಲ್ಲಿ ಕರಾರು ಕೊಡುವುದು ಅವರನ್ನು ಹಗುರವಾಗಿ ಕಂಡಂತೆ ಎಂದು ಸಚಿವರು ವಾದಿಸಿದರು. ಹೀಗಾಗಿ ಇಡೀ ಕರಾರನ್ನು ಹಳಗನ್ನಡದ ಕಂದಪದ್ಯಗಳಲ್ಲಿ ಮರುರಚಿಸಿ, ಆಸ್ಥಾನದ ಗಮಕಿಗಳಿಂದ ತಂಬೂರಿಯೊಡನೆ ವಾಚನ ಮಾಡಿಸುವುದೆಂದೂ, ಪದ್ಯಕ್ಕೊಂದರಂತೆ ವ್ಯಾಖ್ಯಾನ ಹೇಳಿಸುವುದೆಂದೂ ತೀರ್ಮಾನವಾಯಿತು.

ಕೇಳಿದವರಿಗೆ ಅರ್ಥವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಉಪಸಮಿತಿ ನೇಮಕವಾಯಿತು. ಸಮಿತಿ ರಾಜ್ಯದ ಸಂಸ್ಕೃತಿಯನ್ನು ಅಧ್ಯಯನ ಮಾಡಿ ಒಂದು ಸಂಗತಿ ಕಂಡುಕೊಂಡಿತು: ಈ ನಾಡಿನಲ್ಲಿ ಹಾಡು ಕೇಳಲಿ, ಪುರಾಣ ಕೇಳಲಿ, ಅರ್ಥವಾದವರು ತಲೆದೂಗುತ್ತಾರೆ. ಆದ್ದರಿಂದ ತಲೆದೂಗಿದವನಿಗೆ ಅರ್ಥವಾಗಿದೆ, ದೂಗದವನಿಗೆ ಆಗಿಲ್ಲ. ಸಭೆಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ತಲೆದೂಗುವವರು ತೂಕಡಿಸುವವರು ಎಂಬುದು ಓದುಗರಿಗೆ ಗೊತ್ತು. ಉಪಸಮಿತಿಗೂ ಗೊತ್ತಾಗುತ್ತಿತ್ತೇನೋ, ಆದರೆ ವರದಿ ಓದುವಾಗ ಸದಸ್ಯರೆಲ್ಲ ತೂಕಡಿಸುತ್ತಿದ್ದುದರಿಂದ ಅದು ಸರ್ವಾನುಮತದಿಂದ ಅಂಗೀಕಾರವಾಯಿತು. ತಲೆಗಳ ಅಲುಗಾಟವನ್ನು ನೋಡಿ ಪ್ರಮಾಣಪತ್ರ ಕೊಡಲು ಇಂಗಿತಜ್ಞಯ್ಯ ಎಂಬ ತೆಳ್ಳನೆಯ ಮನುಷ್ಯ ಗ್ರಹಣಾಧಿಕಾರಿಯಾಗಿ ನೇಮಕಗೊಂಡ.

ಇಷ್ಟಾಗುವ ಹೊತ್ತಿಗೆ ಹುಲಿಗೆವ್ವನ ಹೆಸರಿಗೆ ಒಂದು ಮನೆ ಮಂಜೂರಾಗಿತ್ತು.

ಹುಲಿಗೆವ್ವ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿದು ಮಾರುವವಳು. ಗಂಡ ಭರಮಪ್ಪ ಒಂದು ಕಾಲಕ್ಕೆ ಶೃಂಗಾರ ಮಾಡಿದ ಬಸವನನ್ನು ಮನೆಮನೆಗೆ ಕರೆದೊಯ್ದು, “ಈ ಮನಿಗೆ ಒಳ್ಳೇದಾಗತೈತೇನೋ ಬಸವಣ್ಣಾ,” ಎಂದು ಕೇಳಿ ಅದರಿಂದ ಹೌದೆನ್ನಿಸುತ್ತಿದ್ದವನು. ಬಸವ ಸತ್ತ ಮೇಲೆ ಹೌದೆನ್ನುವವರು ಯಾರೂ ಇಲ್ಲದೆ ಮನೆಯಲ್ಲೇ ಕೂತಿದ್ದ. ಮನೆ ಎಂದರೆ ಆನೆಲಾಯದ ಹಿಂದಿನ ಗೋಡೆಗೆ ಒರಗಿಸಿದ ನಾಲ್ಕು ಬೊಂಬು, ಮೇಲೊಂದು ಹಳೆಯ ಉದ್ಘಾಟನೆಯ ಬ್ಯಾನರು. ಬ್ಯಾನರಿನಲ್ಲಿ ಪ್ರಭುಗಳು ಕೈಮುಗಿದು ನಗುತ್ತಿದ್ದರು. ಮಳೆ ಬಂದರೆ ನೀರು ಸರಿಯಾಗಿ ಪ್ರಭುಗಳ ಮೂಗಿನಿಂದಲೇ ಸೋರುತ್ತಿತ್ತು.

ಇಷ್ಟು ದಿನ ಆಕೆ ಅದಕ್ಕೂ ಒಗ್ಗಿಕೊಂಡಿದ್ದಳು. ಆದರೆ ಈಗ ಮಗಳು ಕಸ್ತೂರಿ ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ಮಾಡಿ ಮಗಳನ್ನು ತವರಿಗೆ ಕರೆತರಬೇಕು, ಬಾಣಂತನ ತವರಿನಲ್ಲೇ ಆಗಬೇಕು. ಕೇಳಲು ಹೋದಾಗ ಬೀಗತಿ ತಂಗೆವ್ವ ಬಾಗಿಲಲ್ಲೇ ನಿಂತು ಮಾತಾಡಿದ್ದಳು.

“ಬ್ಯಾನರ್ ಕೆಳಗ ಬಾಣಂತನ ಮಾಡಾಕ ನಮ್ಮ ಸೊಸಿ ಏನು ಮೆರವಣಿಗಿಗೆ ಬಂದಾಳೇನ ಯವ್ವಾ? ಬಾಗಲಾ ಇರೋ ಮನಿ ಮಾಡ್ರಿ, ಆವಾಗ ಕಳಸ್ತೀವಿ. ಇಲ್ಲಾಂದ್ರ ತವರಮನಿ ಇಲ್ಲ ಅಂತ ತಿಳ್ಕೋತೀವಿ.”

ಕಸ್ತೂರಿ ಅತ್ತೆಯ ಬೆನ್ನ ಹಿಂದೆ ನಿಂತು ಅವ್ವನನ್ನೇ ನೋಡಿದ್ದಳು. ಹುಲಿಗೆವ್ವನಿಗೆ ಬೇಕಾದದ್ದು ಅಗುಳಿ ಹಾಕಲು ಬರುವ ಒಂದು ಬಾಗಿಲು, ಅದರ ಹಿಂದೆ ಮಗಳಿಗೆ ಎರೆಯಲು ಒಂದು ಬಚ್ಚಲು. ಹಾಗೆಂದೇ ವಾಚನದ ದಿನ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮುಂದಿನ ಸಾಲಿನಲ್ಲೇ ಹೋಗಿ ಕೂತಳು.

ಗಮಕಿಗಳು ಬಚ್ಚಲು ನೀರಿನ ನಿಬಂಧನೆಯನ್ನು ಮೋಹನ ರಾಗದಲ್ಲಿ ಹಾಡಿದರು. ‘ಮಜ್ಜನದ ಪೊಲಸುನೀರಂ ಪೆರಪೊರಗೆ ಬಿಡಲಾಗದೆಲೆ ಬಾಡಿಗೆಗಾರಾ’ ಎಂದು ಏರುದನಿಯಲ್ಲಿ ಎಳೆದಾಗ ತಂಬೂರಿಯವನೇ ಭಾವಪರವಶನಾದ. ವ್ಯಾಖ್ಯಾನಕಾರರು ‘ಮಜ್ಜನ’ ಎಂಬ ಒಂದು ಶಬ್ದವನ್ನು ಹಿಡಿದು, ಯಾವ ಯಾವ ದೇವತೆಗಳು ಎಲ್ಲೆಲ್ಲಿ ಮಜ್ಜನ ಮಾಡಿದರೆಂದು ವಿವರಿಸುತ್ತ ಊಟದ ಹೊತ್ತು ಮುಟ್ಟಿಸಿದರು. ಮನೆ ಖಾಲಿ ಮಾಡಿಸುವ ನಿಬಂಧನೆ ಮುಖಾರಿಯಲ್ಲಿ ಬಂದಾಗ ಹಿಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಏಕೆ ಅಳು ಬಂತೆಂದು ಅವರಿಗೂ ತಿಳಿಯಲಿಲ್ಲ.

ಹುಲಿಗೆವ್ವ ಕೈಯೆತ್ತಿದಳು. “ಬುದ್ಧೀ, ನಾ ಒಂದ ಕೇಳ್ತೀನ್ರಿ. ಬಸುರಿ ಮಗಳನ್ನ ಬಾಣಂತನಕ್ಕ ಈ ಮನಿಗೆ ಕರ್ಕೊಂಡ ಬರಬೌದೋ, ಇಲ್ಲೋ?”

ವ್ಯಾಖ್ಯಾನಕಾರರು ಪ್ರಸನ್ನರಾದರು. “ಅತ್ಯುತ್ತಮ ಪ್ರಶ್ನೆ ತಾಯೀ. ಇಂಥ ಸಂವಾದಾತ್ಮಕ ಫೀಡ್‌ಬ್ಯಾಕ್ ನಮಗೆ ಬೇಕು. ಅತಿಥಿ ಎಂಬ ಶಬ್ದ ಮುಂದೆ ಬಹಳ ದೂರದಲ್ಲಿ ಒಂದು ಪದ್ಯದಲ್ಲಿ ಬರುತ್ತದೆ. ಅದು ಬಂದಾಗ ಅದರ ಧಾತುವಿನಿಂದ ಶುರು ಮಾಡೋಣ.”

“ಧಾತು ಬ್ಯಾಡ್ರಿ, ಬರಬೌದು ಇಲ್ಲಾ ಬರಬಾರದು, ಅಷ್ಟ ಹೇಳ್ರಿ.”

“ಅಷ್ಟನ್ನೇ ಹೇಳಿಬಿಟ್ಟರೆ ನಿಮಗೆ ಅರ್ಥವಾದ ಹಾಗಾಗುವುದಿಲ್ಲ, ಗೊತ್ತಾದ ಹಾಗಾಗುತ್ತದೆ. ಶಾಸನ ಕೇಳುವುದು ಅರ್ಥವನ್ನು,” ಎಂದರು ಅವರು ಮೃದುವಾಗಿ. ಆ ಪದ್ಯ ಬರುವ ಮೊದಲೇ ಮಂಗಳ ಹಾಡಿ ಎಲ್ಲರಿಗೂ ಅವಲಕ್ಕಿ ಹಂಚಿದರು.

ಹೊರಗೆ ಇಂಗಿತಜ್ಞಯ್ಯ ಫಲಿತಾಂಶ ಓದುತ್ತಿದ್ದ. ಹುಲಿಗೆವ್ವ ನಪಾಸಾಗಿದ್ದಳು.

“ಯಾಕ್ರೀ ಸಾಹೇಬ್ರ? ಕಣ್ಣು ಪಿಳಕಿಸದ ಕೇಳೀನಿ ನಾನು.”

“ಅದೇ ತೊಂದರೆ ತಾಯೀ. ನೀವು ಹುಬ್ಬು ಗಂಟು ಹಾಕಿದ್ದೀರಿ. ಹುಬ್ಬು ಗಂಟಾದರೆ ಯೋಚನೆ ಮಾಡಿದ ಹಾಗೆ. ಅರ್ಥವಾದವರು ಯಾಕೆ ಯೋಚನೆ ಮಾಡುತ್ತಾರೆ? ನಿಮ್ಮ ಪಕ್ಕದಲ್ಲಿದ್ದವರನ್ನು ನೋಡಿ, ಮೊದಲ ಪದ್ಯದಿಂದಲೇ ಗೊರಕೆ ಹೊಡೆಯುತ್ತ ತಲೆದೂಗಿದರು. ಅವರಿಗೆ ಮೊದಲ ದರ್ಜೆ ಬಂದಿದೆ.”

ಮನೆಗೆ ಬಂದು ಹುಲಿಗೆವ್ವ ಬೊಂಬಿಗೆ ಒರಗಿ ಅತ್ತಳು. ಭರಮಪ್ಪ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ಉಜ್ಜಿ ಅವಳ ಹತ್ತಿರ ಸರಿದ.

“ಅಳಬ್ಯಾಡ. ನಮ್ಮ ಬಸವಣ್ಣಗ ನಾ ಕೇಳಿದ್ದು ಒಂದರ ತಿಳೀತಿತ್ತೇನು? ಹಗ್ಗ ಜಗ್ಗಿದ್ರ ಗೋಣು ಹಾಕ್ತಿತ್ತು. ಊರ ಮಂದಿ ಕಾಲಿಗೆ ಬೀಳ್ತಿದ್ರು. ನಿನಗೂ ಹಂಗ ಕಲಿಸ್ತೀನಿ.”

ಮುಂದಿನ ವಾಚನದಲ್ಲಿ ಭರಮಪ್ಪ ಹೆಂಡತಿಯ ಬೆನ್ನ ಹಿಂದೆಯೇ ಕೂತು ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ರಾಗ ಮೇಲೇರಿದಾಗಲೆಲ್ಲ ಮೆಲ್ಲಗೆ ಜಗ್ಗಿದ. ಹುಲಿಗೆವ್ವ ಕಣ್ಣು ಮುಚ್ಚಿ, ಹುಬ್ಬು ಸಡಿಲ ಬಿಟ್ಟು, ಮಗಳ ಮುಖವೊಂದನ್ನೇ ನೆನೆಯುತ್ತ ಗೋಣು ಹಾಕಿದಳು. ಛಾವಣಿ ಸೋರಿದರೆ ಯಾರು ರಿಪೇರಿ ಮಾಡಬೇಕೆಂಬ ಪದ್ಯಕ್ಕೆ ಗೋಣು ಹಾಕಿದಳು, ಯಾವಾಗ ಬೇಕಾದರೂ ಹೊರಹಾಕಬಹುದೆಂಬ ಪದ್ಯಕ್ಕೂ ಹಾಕಿದಳು. ಇಂಗಿತಜ್ಞಯ್ಯ ಎದ್ದು ಬಂದು ಕೈಕುಲುಕಿದ. ಬಾಡಿಗೆದಾರಳಿಗೆ ಕರಾರು ಸಮಗ್ರವಾಗಿ ಅರ್ಥವಾಗಿದೆ ಎಂದು ಬರೆದುಕೊಟ್ಟ.

ಪ್ರಭುಗಳು ಬಂದು ಆಕೆಯ ಬಾಗಿಲಿನ ಟೇಪು ಕತ್ತರಿಸಿ ಕೀಲಿ ಕೊಟ್ಟರು. ಆ ಸಂಜೆ ಹುಲಿಗೆವ್ವ ಬಾಗಿಲು ಹಾಕಿ ಅಗುಳಿ ಸರಿಸಿದಳು, ತೆಗೆದಳು, ಮತ್ತೆ ಸರಿಸಿದಳು. ಅಗುಳಿಯ ಸದ್ದು ಅಷ್ಟು ಹಿತವಾಗಿರುತ್ತದೆಂದು ಆಕೆಗೆ ಈವರೆಗೆ ಗೊತ್ತಿರಲಿಲ್ಲ. ಹೆಚ್ಚು ದಿನ ತಡೆಯದೆ ಬೀಗರ ಊರಿಗೆ ಹೋಗಿ ಮಗಳನ್ನು ಕರೆತಂದಳು. ತಂಗೆವ್ವ ಗಾಡಿಯಲ್ಲಿ ಹಿಂದೆಯೇ ಬಂದು ಬಾಗಿಲನ್ನು ಬಡಿದು, ತಳ್ಳಿ, ಅದು ಗಟ್ಟಿಯಿದೆಯೆಂದು ಖಾತ್ರಿ ಮಾಡಿಕೊಂಡು ವಾಪಸು ಹೋದಳು.

ಕಸ್ತೂರಿಗೆ ಹೆಣ್ಣುಕೂಸು ಹುಟ್ಟಿತು. ಮನೆ ತುಂಬ ಲೋಬಾನದ ಹೊಗೆ, ಒಲೆಯ ಮೇಲೆ ಹಂಡೆ ನೀರು, ಹಗ್ಗದ ಮಂಚದ ಕೆಳಗೆ ಕೆಂಡದ ಕುಂಪಟೆ. ಹುಲಿಗೆವ್ವ ತನ್ನ ಕೈಯಲ್ಲೇ ಉಳಿದಿದ್ದ ಒಳ್ಳೆಯ ತುಂಡುಗಳನ್ನೆಲ್ಲ ಸೇರಿಸಿ ಕೂಸಿಗೊಂದು ಕೌದಿ ಹೊಲಿದಳು. ಬಹಳ ವರ್ಷಗಳ ಮೇಲೆ ಆಕೆ ಕೆಲಸ ಮಾಡುವಾಗ ಹಾಡು ಗುನುಗಿದಳು.

ಹೊಗೆಯ ಜಾಡು ಹಿಡಿದು ಇಂಗಿತಜ್ಞಯ್ಯ ಬಂದ. ತೊಟ್ಟಿಲೊಳಗೆ ಬಗ್ಗಿ ನೋಡಿ ಗಂಭೀರನಾದ.

“ಉಳಿದವರೆಲ್ಲ ತಲೆದೂಗಿ ಪಾಸಾಗಿದ್ದೀರಿ, ಸರಿ. ಆದರೆ ಈ ಮನೆಯಲ್ಲಿ ಹೊಸ ನಿವಾಸಿಯೊಬ್ಬರು ಕಾಣುತ್ತಿದ್ದಾರೆ. ಇವರಿಗೆ ಕರಾರು ಅರ್ಥವಾಗಿದೆಯೇ?”

“ಹುಟ್ಟಿ ಇನ್ನೂ ಪುರುಡ ಕಳದಿಲ್ರಿ ಸಾಹೇಬ್ರ,” ಎಂದಳು ಹುಲಿಗೆವ್ವ.

“ಕರಾರು ಅರ್ಥವಾಗದ ಮನೆಯಲ್ಲಿ ಯಾವನೂ ವಾಸಿಸಕೂಡದು ಎಂದಿದೆ ಶಾಸನ. ವಯಸ್ಸಿನ ಪ್ರಸ್ತಾಪ ಅದರಲ್ಲಿಲ್ಲ. ಇಲ್ಲದ್ದನ್ನು ಸೇರಿಸಬೇಕಾದರೆ ಟೆಂಡರ್ ಕರೆಯಬೇಕು. ಒಬ್ಬರಿಗೆ ಅರ್ಥವಾಗದಿದ್ದರೂ ಇಡೀ ಕುಟುಂಬ ಖಾಲಿ ಮಾಡಬೇಕಾಗುತ್ತದೆ.”

“ಹಸೀ ಬಾಣಂತಿನ್ನ ಎಲ್ಲಿಗೆ ಕರ್ಕೊಂಡ ಹೋಗ್ಲಿ?”

“ಅದು ಬೇರೆ ಇಲಾಖೆ,” ಎಂದ ಇಂಗಿತಜ್ಞಯ್ಯ.

ಮರುದಿನವೇ ಗಮಕಿಗಳು, ವ್ಯಾಖ್ಯಾನಕಾರರು, ತಂಬೂರಿ, ವಸತಿ ಸಚಿವರು ಎಲ್ಲರೂ ಆ ಪುಟ್ಟ ಮನೆಗೆ ಬಂದು ಒತ್ತೊತ್ತಾಗಿ ಕೂತರು. ಬಾಣಂತಿಯ ಮಂಚಕ್ಕೆ ಸೀರೆ ಅಡ್ಡ ಕಟ್ಟಲಾಯಿತು. ಅಜ್ಜಿ ಕೂಸನ್ನು ನೆಟ್ಟಗೆ ಎತ್ತಿ ಹಿಡಿದು ಕೂತಳು. ಆಕೆಯ ಅಂಗೈ ತಾನಾಗಿಯೇ ಕೂಸಿನ ಕತ್ತಿನ ಹಿಂದೆ ಹೋಯಿತು. ಎಳೆಗೂಸನ್ನು ಯಾರು ಎತ್ತಿದರೂ ಹಾಗೆಯೇ ತಾನೇ.

“ಕೈ ತೆಗೆಯಿರಿ. ಅದು ಬಾಹ್ಯ ಪ್ರಭಾವವಾಗುತ್ತದೆ,” ಎಂದ ಇಂಗಿತಜ್ಞಯ್ಯ.

“ಗೋಣು ನಿಂತಿಲ್ರಿ ಇದಕ. ಉಳುಕೀತು.”

“ಮನೆ ಬೇಕೋ ಬೇಡವೋ?”

ಸೀರೆಯ ಆಚೆಯಿಂದ ಕಸ್ತೂರಿ ಬಿಕ್ಕಿದ್ದು ಕೇಳಿಸಿತು. ಹುಲಿಗೆವ್ವ ಹಲ್ಲು ಕಚ್ಚಿ ಅಂಗೈಯನ್ನು ಒಂದು ಬೆರಳಿನಷ್ಟು ಸಡಿಲಿಸಿದಳು. ತಾನು ಮಾಡುತ್ತಿರುವುದು ಪಾಪವೆಂದು ಆಕೆಗೆ ಗೊತ್ತಿತ್ತು, ಮಾಡದೆ ವಿಧಿಯಿರಲಿಲ್ಲ. ತಂಬೂರಿ ಮೀಟಿತು. ಮೊದಲ ಪದ್ಯಕ್ಕೆ ಕೂಸಿನ ತಲೆ ಮುಂದಕ್ಕೆ ತೊನೆಯಿತು. ಎರಡನೆಯದಕ್ಕೆ ಪಕ್ಕಕ್ಕೆ ವಾಲಿ ಮತ್ತೆ ಮುಂದಕ್ಕೆ ಬಂತು. ಆಮೇಲೆ ನಿಲ್ಲಲೇ ಇಲ್ಲ. ಕಲ್ಯಾಣಿಗೂ ದೂಗಿತು, ಮುಖಾರಿಗೂ ದೂಗಿತು, ಗಮಕಿಗಳು ಕೆಮ್ಮಿದ್ದಕ್ಕೂ ದೂಗಿತು.

ಇಂಗಿತಜ್ಞಯ್ಯನ ಕೈಯಿಂದ ಲೇಖನಿ ಜಾರಿ ಬಿತ್ತು. “ಇಂಥ ಗ್ರಹಣಶಕ್ತಿಯನ್ನು ನನ್ನ ಸೇವಾವಧಿಯಲ್ಲೇ ಕಂಡಿಲ್ಲ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ,” ಎಂದ. ಸಚಿವ ಪ್ರಸ್ತಾವನಾಚಾರ್ಯರು ಎದ್ದು ತೊಟ್ಟಿಲಿಗೆ ನಮಸ್ಕರಿಸಿ ಅರಮನೆಗೆ ಓಡಿದರು.

ಆ ವಾರವೇ ಕೂಸಿಗೆ ಆಸ್ಥಾನದಲ್ಲಿ ಸನ್ಮಾನವಾಯಿತು. ಶಾಲು ಹೊದಿಸಿದಾಗ ಅದರಡಿಯಲ್ಲಿ ಕೂಸು ಕಾಣದಾಯಿತು. ಪೇಟ ತೊಡಿಸಿದಾಗ ಪೇಟದೊಳಗೇ ಇಳಿದುಹೋಯಿತು. ಹುಡುಕಿ ತೆಗೆದು ಫೋಟೋ ಹಿಡಿದರು. ಪ್ರಭುಗಳಿಗೆ ಒಂದು ಮಹತ್ತಾದ ಆಲೋಚನೆ ಹೊಳೆದಿತ್ತು.

“ಪ್ರಜೆಗಳೆಲ್ಲ ಬೇರೆಬೇರೆಯಾಗಿ ಅರ್ಥಮಾಡಿಕೊಳ್ಳುವುದರಿಂದ ಎಷ್ಟೊಂದು ಕಾಲಹರಣ. ಎಲ್ಲರ ಪರವಾಗಿ ಈ ಮಗುವೇ ಅರ್ಥಮಾಡಿಕೊಳ್ಳಲಿ. ಏಕಗವಾಕ್ಷಿ ಅರ್ಥಗ್ರಹಣ.”

“ಪ್ರಭೂ, ಈ ಮಾತು ನಮಗೆ ಹೊಳೆಯಬಾರದೆಂದೇ ನಾವು ಇಷ್ಟು ದಿನ ಕಾದಿದ್ದೆವು,” ಎಂದರು ಸಚಿವರು.

ಹೀಗೆ ಹುಲಿಗೆವ್ವನ ಮೊಮ್ಮಗಳು, ಹೆಸರಿಡುವ ಮೊದಲೇ, ರಾಜ್ಯ ಅರ್ಥಗ್ರಹಣ ಪ್ರಾಧಿಕಾರದ ಅಧ್ಯಕ್ಷೆಯಾದಳು. ದಿನವೂ ಬೆಳಗಾದರೆ ಪಲ್ಲಕ್ಕಿ ಬರುತ್ತಿತ್ತು. ಬಾಣಂತಿಗೆ ಪ್ರೋಟೋಕಾಲಿನಲ್ಲಿ ಜಾಗವಿಲ್ಲದ್ದರಿಂದ ಅಜ್ಜಿ ಎತ್ತಿಕೊಂಡು ಹೋಗುತ್ತಿದ್ದಳು. ಕಸ್ತೂರಿ ಎದೆಯಲ್ಲಿ ಹಾಲು ಕಟ್ಟಿಕೊಂಡು ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಿದ್ದಳು. ಆಸ್ಥಾನದಲ್ಲಿ ಕರಾರಿಗೆ ದಿನವೂ ಹೊಸ ತಿದ್ದುಪಡಿ ಓದುತ್ತಿದ್ದರು. ಸೋರುವ ಛಾವಣಿಯನ್ನು ಇನ್ನು ಮುಂದೆ ಬಾಡಿಗೆದಾರರೇ ರಿಪೇರಿ ಮಾಡತಕ್ಕದ್ದು, ಕೂಸು ತಲೆದೂಗಿತು. ಕಿಟಕಿಯಿಂದ ಒಳಬರುವ ಗಾಳಿ ಅರಮನೆಯ ಕಡೆಯಿಂದ ಬೀಸುವುದರಿಂದ ಅದಕ್ಕೊಂದು ಉಪಕರ, ಕೂಸು ತಲೆದೂಗಿತು. ಬಾಡಿಗೆ ಹೆಚ್ಚಳ; ಅದಕ್ಕೂ ದೂಗಿತು. ಕೂಡಲೆ ಸಾರುವವರು ಹೊರಗೆ ಹೋಗಿ, ಇಂದಿನ ತಿದ್ದುಪಡಿ ಪ್ರಜೆಗಳಿಗೆಲ್ಲ ಅರ್ಥವಾಗಿದೆ ಎಂದು ಸಾರುತ್ತಿದ್ದರು.

ಒಂದು ಸಂಜೆ ಪಕ್ಕದ ಮನೆಯ ಮುದುಕಿ ಸಿದ್ದಲಿಂಗವ್ವ ಬಾಗಿಲಿಗೆ ಬಂದು ನಿಂತಳು.

“ಹುಲಿಗೆವ್ವಾ, ನಿನ್ನ ಮೊಮ್ಮಗಳು ನಮ್ಮ ಬಾಡಿಗಿ ಮತ್ತ ಏರಿಸ್ಯಾಳಂತ. ನಾವೇನ ಅನ್ಯಾಯ ಮಾಡಿದ್ವಿ ಆಕಿಗೆ? ಹೆತ್ತಾಗ ಬಿಸಿನೀರ ಕಾಸಿ ಕೊಟ್ಟಾಕಿ ನಾನು.”

ಹುಲಿಗೆವ್ವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ಕೂಸಿಗೆ ಏನ ತಿಳೀತೈತಿ ಯಕ್ಕಾ, ಗೋಣು ನಿಂತಿಲ್ಲ ಅದರದು,” ಎಂದಳು. ಸಿದ್ದಲಿಂಗವ್ವ ಸೆರಗು ಹೊದ್ದು ತನ್ನ ಬಾಗಿಲಿನ ಕಡೆ ತಿರುಗಿದಳು. ಮರುದಿನ ಆಸ್ಥಾನದಲ್ಲಿ, ಅಂಗಳದಲ್ಲಿ ಬಟ್ಟೆ ಒಣಹಾಕಿದರೆ ದಂಡ ಎಂಬ ತಿದ್ದುಪಡಿ ಓದುವಾಗ, ಹುಲಿಗೆವ್ವ ಮೆಲ್ಲಗೆ ಅಂಗೈಯನ್ನು ಕೂಸಿನ ಕತ್ತಿನ ಹಿಂದೆ ಸರಿಸಿದಳು. ತಲೆ ಅಲುಗಲಿಲ್ಲ. ಇಂಗಿತಜ್ಞಯ್ಯ ಗಿಡುಗನಂತೆ ಬಂದೆರಗಿದ.

“ಸ್ವಾಯತ್ತ ಸಂಸ್ಥೆಯ ಮೇಲೆ ಕೈ ಹಾಕುತ್ತಿದ್ದೀರಿ ತಾಯೀ. ಇನ್ನೊಮ್ಮೆ ಹೀಗಾದರೆ ಸಂಸ್ಥೆಯನ್ನು ಬೇರೆಯವರ ಕೈಗೆ ಕೊಡಬೇಕಾಗುತ್ತದೆ.”

ಕೂಸನ್ನು ಬೇರೆಯವರ ಕೈಗೆ ಕೊಡುವ ಮಾತು ಕೇಳಿದ್ದೇ ಆಕೆ ಕೈ ತೆಗೆದಳು. ಬಟ್ಟೆ ಒಣಹಾಕುವವರಿಗೆ ದಂಡ ಜಾರಿಗೆ ಬಂತು.

ಆದರೆ ಕೂಸುಗಳು ಯಾವ ಸರಕಾರಕ್ಕೂ ಕಾಯುವುದಿಲ್ಲ. ದಿನವೂ ಬಿಸಿನೀರು ಎರೆದು, ಎಣ್ಣೆ ತಿಕ್ಕಿ, ಕಾಲ ಮೇಲೆ ಹಾಕಿಕೊಂಡು ನೀವಿದರೆ ಅವು ಗಟ್ಟಿಯಾಗುತ್ತವೆ. ಹುಲಿಗೆವ್ವ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಒಂದು ಬೆಳಿಗ್ಗೆ ಆಸ್ಥಾನದಲ್ಲಿ ಸಚಿವರು ಹೊಸ ತಿದ್ದುಪಡಿ ಓದಿದರು: ಈ ಮನೆಗಳಲ್ಲಿ ಬಾಣಂತನ ಮಾಡುವುದು ವಾಣಿಜ್ಯ ಚಟುವಟಿಕೆಯೆಂದು ಪರಿಗಣಿಸಲ್ಪಡುತ್ತದೆ. ಗಮಕಿಗಳು ಎಳೆದು ಹಾಡಿದರು. ಎಲ್ಲರೂ ಅಜ್ಜಿಯ ತೊಡೆಯ ಮೇಲಿದ್ದ ಅಧ್ಯಕ್ಷರ ಕಡೆ ನೋಡಿದರು.

ಕೂಸು ತಲೆದೂಗಲಿಲ್ಲ. ಕತ್ತನ್ನು ನೆಟ್ಟಗೆ ನಿಲ್ಲಿಸಿ ಸಚಿವರ ಮುಖವನ್ನೇ ನೋಡಿತು.

ಸಚಿವರು ಮತ್ತೊಮ್ಮೆ ಓದಿದರು. ಗಮಕಿಗಳು ರಾಗ ಬದಲಾಯಿಸಿದರು. ಚಾಮರದವರು ಜೋರಾಗಿ ಬೀಸಿದರು. ಕೂಸು ಕಣ್ಣರಳಿಸಿ ಒಬ್ಬೊಬ್ಬರನ್ನಾಗಿ ನೋಡುತ್ತ ಹೋಯಿತು. ಆಸ್ಥಾನದಲ್ಲಿ ತಮ್ಮನ್ನು ಯಾರಾದರೂ ಹಾಗೆ ನೆಟ್ಟ ನೋಟದಿಂದ ನೋಡಿ ಎಷ್ಟು ಕಾಲವಾಗಿತ್ತೆಂದು ಅಲ್ಲಿದ್ದವರಿಗೆ ನೆನಪಾಗಲಿಲ್ಲ. ಹಲವರು ಪೇಟ ಸರಿಮಾಡಿಕೊಂಡರು. ಹುಲಿಗೆವ್ವನಿಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ.

“ಗೋಣು ನಿಂತತ್ರಿ,” ಎಂದಳು ಸಭೆಗೆಲ್ಲ ಕೇಳುವಂತೆ. “ನಮ್ಮ ಕೂಸಿನ ಗೋಣು ನಿಂತತಿ.”

ಇಂಗಿತಜ್ಞಯ್ಯ ತಲೆ ತಗ್ಗಿಸಿ ವರದಿ ಒಪ್ಪಿಸಿದ. “ಪ್ರಭೂ, ಅಧ್ಯಕ್ಷರ ಗ್ರಹಣಶಕ್ತಿ ನಷ್ಟವಾಗಿದೆ. ತಲೆದೂಗದವರಿಗೆ ಅರ್ಥವಾಗಿಲ್ಲ, ಅರ್ಥವಾಗದವರು ಆ ಮನೆಯಲ್ಲಿರುವಂತಿಲ್ಲ.” ಇದುವರೆಗೆ ದೂಗಿದ್ದೆಲ್ಲ ಹಾಗೆಯೇ ಜಾರಿಯಲ್ಲಿರುತ್ತದೆ ಎಂದು ಸಚಿವರು ಸೇರಿಸಿದರು.

ಹೊಸ ಅಧ್ಯಕ್ಷರ ಹುಡುಕಾಟ ಹೆಚ್ಚು ದಿನ ನಡೆಯಲಿಲ್ಲ. ಮನುಷ್ಯರ ಕತ್ತನ್ನು ನಂಬುವಂತಿಲ್ಲವೆಂದು ಮನಗಂಡ ಪ್ರಭುಗಳು ಮರದ ಬೊಂಬೆಯೊಂದನ್ನು ಮಾಡಿಸಿದರು. ಬಣ್ಣ ಬಳಿದು, ಮೀಸೆ ಬರೆದು, ತಲೆಯನ್ನು ತಂತಿಯ ಸುರುಳಿಯ ಮೇಲೆ ಕೂರಿಸಿದ್ದರು. ಚಾಮರದ ಗಾಳಿ ಸೋ ಎಂದರೆ ಸಾಕು, ಬೊಂಬೆ ಅರ್ಥಮಾಡಿಕೊಳ್ಳುತ್ತಿತ್ತು. ಅದಕ್ಕೆ ಕಿರೀಟವಿಟ್ಟು ಸಿಂಹಾಸನದ ಪಕ್ಕದಲ್ಲೇ ಕೂರಿಸಿದರು. ಅದರ ಕತ್ತಿಗೆ ನಿತ್ಯವೂ ಎಣ್ಣೆ ಬೇಕಾದ್ದರಿಂದ ಬಾಡಿಗೆದಾರರ ಮೇಲೆ ಎಣ್ಣೆ ಕರವೆಂಬುದನ್ನು ಹಾಕಲಾಯಿತು. ಬೊಂಬೆ ಅದನ್ನೂ ಒಪ್ಪಿತು. ಅದೇ ದಿನ ಹುಲಿಗೆವ್ವನ ಮನೆ ಖಾಲಿ ಮಾಡಿಸುವ ಆಜ್ಞೆಯನ್ನೂ ಒಪ್ಪಿತು.

ಇಂಗಿತಜ್ಞಯ್ಯ ಆಜ್ಞೆ ಹಿಡಿದು ಬಂದಾಗ ಮೋಡ ಕಟ್ಟಿತ್ತು. ಹಂಡೆ, ಮಂಚ, ಕೌದಿಗಳು ಅಂಗಳಕ್ಕೆ ಬಂದವು. ಕಸ್ತೂರಿ ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು, ಭರಮಪ್ಪ ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಗಮಕಿಗಳಿಗೆ ಅಂದು ಬೇರೆ ಕಾರ್ಯಕ್ರಮವಿದ್ದುದರಿಂದ ಅಧಿಕಾರಿಯೇ ಗಂಟಲು ಸರಿಮಾಡಿಕೊಂಡು ಹೊರಹಾಕುವ ಪದ್ಯವನ್ನು ಒದರಿದ.

“ಅರ್ಥವಾಯಿತೇ ತಾಯೀ? ಅರ್ಥವಾಗದೆ ಮನೆ ಬಿಡುವ ಹಾಗೂ ಇಲ್ಲ.”

“ಆತ್ರಿ,” ಎಂದಳು ಹುಲಿಗೆವ್ವ. ಕೂಸು ಆಕೆಯ ಹೆಗಲ ಮೇಲಿತ್ತು. “ಇವತ್ತ ಖರೇನ ಅರ್ಥ ಆತು. ಈ ಮನಿ ಮನಿ ಇಲ್ಲದೋರಿಗೆ ಅಂತ ಕಟ್ಟಿದ್ದಲ್ರಿ, ಗೋಣು ಇಲ್ಲದೋರಿಗೆ ಅಂತ ಕಟ್ಟಿದ್ದು. ನನ್ನ ಮೊಮ್ಮಗಳಿಗೆ ಗೋಣು ಐತಿ. ಎಣ್ಣಿ ತಿಕ್ಕಿ ನಾನ ನಿಲ್ಲಿಸೀನಿ.”

ಅಧಿಕಾರಿ ಆಕೆಯ ತಲೆಯನ್ನೇ ನೋಡುತ್ತಿದ್ದ. ಅದು ಅಲುಗಲಿಲ್ಲ. ಸ್ವಲ್ಪ ಹೊತ್ತು ಕಾದು, ‘ಅರ್ಥವಾಗಿಲ್ಲ’ ಎಂದು ಬರೆದುಕೊಂಡ. ಒಳಗಿರುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಆದ್ದರಿಂದ ಅರ್ಥವಾಗುವವರೆಗೆ ಅಂಗಳದಲ್ಲೇ ಇರತಕ್ಕದ್ದು, ಅಂಗಳಕ್ಕೆ ಪೂರ್ತಿ ಬಾಡಿಗೆ ಎಂದು ತಿಳಿಸಿ, ಮನೆಗೆ ಬೀಗ ಹಾಕಿಕೊಂಡು ಹೋದ.

ಮಳೆ ಶುರುವಾಯಿತು. ಬೀದಿಯಲ್ಲಿ ಎಣ್ಣೆ ಕರ ಕಟ್ಟುವವರ ಸಾಲು ತಿರುವಿನವರೆಗೂ ಇತ್ತು, ಸಿದ್ದಲಿಂಗವ್ವನೂ ಅದರಲ್ಲಿದ್ದಳು. ಒಬ್ಬೊಬ್ಬರೂ ಕರ ಕಟ್ಟಿ, ತಲೆದೂಗಿ, ತಮ್ಮ ಬಾಗಿಲಿನ ಕಡೆ ಬೇಗ ಬೇಗ ನಡೆದರು. ಆ ದಿನ ಶುಭಾರಂಭಪುರಿಯಲ್ಲಿ ಅಲುಗದೆ ನಿಂತವು ಎರಡೇ ಕತ್ತು, ಅಜ್ಜಿಯದೊಂದು ಮೊಮ್ಮಗಳದೊಂದು, ಮತ್ತು ಎರಡೂ ನೆನೆಯುತ್ತಿದ್ದವು.